ನಾಲ್ಕು ದಿನದ ದಾಸ್ತಾನು

ಮೂವತ್ತು-ನಲವತ್ತರ ಸೈಟಿನ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ 1,115 ಲೀಟರ್ ನೀರು. ಚೆನ್ನೈಯಲ್ಲಿ ನೆಲ ಮಾರುವುದು ಗ್ರೌಂಡ್ ಲೆಕ್ಕದಲ್ಲಿ. ಒಂದು ಗ್ರೌಂಡ್ ಎಂದರೆ 2,400 ಚದರಡಿ, ನಮ್ಮ ಕಡೆಯ ಎರಡು ಸೈಟು. ನಾವಿರುವ ಪೆರಂಬೂರು ಬಡಾವಣೆಯ ಒಂದು ಗ್ರೌಂಡಿನ ಮೇಲೆ ಚಂಡಮಾರುತದ ದಿನ 25 ಸೆಂಟಿಮೀಟರ್ ಸುರಿಯಿತು ಎಂದಿಟ್ಟುಕೊಳ್ಳಿ: 55,750 ಲೀಟರ್. 12,000 ಲೀಟರಿನ ಟ್ಯಾಂಕರ್ ಲಾರಿಗಳಿಗೆ ತುಂಬಿಸಿದರೆ ನಾಲ್ಕೂವರೆಗಿಂತ ತುಸು ಹೆಚ್ಚು. 2015ರ ಡಿಸೆಂಬರ್ 1ರಂದು ಊರಿನ ದಕ್ಷಿಣದ ತಾಂಬರಂನಲ್ಲಿ ಒಂದೇ ದಿನಕ್ಕೆ ದಾಖಲಾದದ್ದು 49 ಸೆಂಟಿಮೀಟರ್. ಅಂಥ ಮಳೆ ಪೆರಂಬೂರಿನಲ್ಲಿ ಬಿದ್ದರೆ ಗ್ರೌಂಡೊಂದಕ್ಕೆ ಒಂಬತ್ತು ಟ್ಯಾಂಕರ್. ಬೇಸಿಗೆಯಲ್ಲಿ ಒಂದೇ ಒಂದು ಟ್ಯಾಂಕರಿಗೆ ಬಿಂದಿಗೆ ಸಾಲಿಟ್ಟು ಕಾಯುವ ಬೀದಿ ಅದು.

ಈ ನೀರು ಹೋಗಬೇಕಾದದ್ದು ಸಮುದ್ರಕ್ಕೆ. ಚೆನ್ನೈ ನಗರ ಸಮುದ್ರಮಟ್ಟದಿಂದ ಸರಾಸರಿ 6.7 ಮೀಟರ್ ಎತ್ತರದಲ್ಲಿದೆ, ಎರಡಂತಸ್ತಿನ ಮನೆಯಷ್ಟು. ಅಷ್ಟು ಕಡಿಮೆ ಇಳಿಜಾರಿನಲ್ಲಿ ನೀರು ಓಡುವುದಿಲ್ಲ, ತೆವಳುತ್ತದೆ. ಅಣ್ಣಾ ನಗರ, ಕೀಲ್ಪಾಕ್, ಐನಾವರಂ ಕಡೆಯ ನೀರನ್ನೆಲ್ಲ ಹೊತ್ತು ತರುವ ಓಟೇರಿ ನಾಲೆ ಸುಮಾರು ಹತ್ತು ಕಿಲೋಮೀಟರ್ ಉದ್ದದ್ದು. ಪಟ್ಟಾಳಂ, ಪುಳಿಯಂತೋಪು ದಾಟಿ ಬೇಸಿನ್ ಬ್ರಿಜ್ ಹತ್ತಿರ ಬಕಿಂಗ್‌ಹ್ಯಾಮ್ ಕಾಲುವೆಗೆ ಬೀಳುತ್ತದೆ. ಆ ಕಾಲುವೆ ತೋಡಿದ್ದು ದೋಣಿಗಳಿಗೆ; ಕರಾವಳಿಗೆ ಸಮಾನಾಂತರವಾಗಿ ಸುಮಾರು 796 ಕಿಲೋಮೀಟರ್ ಉದ್ದಕ್ಕೆ, ಮಟ್ಟಸವಾಗಿ. ಅದರಿಂದ ಪ್ರವಾಹ ಸಾಗಿಸುವ ಕೆಲಸ ಮಾಡಿಸುತ್ತಿರುವವರು ನಾವು. ಚಂಡಮಾರುತದ ದಿನ ಸಮುದ್ರವೇ ಉಬ್ಬಿ ನಿಂತಿರುತ್ತದೆ, ಅಳಿವೆಯಲ್ಲಿ ನೀರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ನಾಲೆ ತುಂಬುತ್ತದೆ, ನಾಲೆಗೆ ಬೀಳಬೇಕಾದ ಚರಂಡಿ ತಿರುಗಿ ಬೀದಿಗೆ ಉಕ್ಕುತ್ತದೆ.

ಇನ್ನು ರೈಲು. ಪೆರಂಬೂರಿನ ಸುತ್ತ ಹಳಿಗಳು ಬೇಲಿಯಂತೆ ಇವೆ. 1856ರ ಜುಲೈ 1ರಂದು ರಾಯಪುರಂನಿಂದ ವಾಲಾಜಾ ರೋಡಿಗೆ ಹೊರಟ ದಕ್ಷಿಣ ಭಾರತದ ಮೊದಲ ಗಾಡಿ ಸಾಗಿದ್ದು ಇದೇ ದಾರಿಯಲ್ಲಿ. ಆ ಕಾಲದಿಂದಲೂ ಇಲ್ಲಿ ರೈಲ್ವೆ ಕಾರ್ಖಾನೆ. 1955ರಿಂದ ಇಂಟಿಗ್ರಲ್ ಕೋಚ್ ಫ್ಯಾಕ್ಟರಿ. ಹಳಿ ದಾಟಿ ಆಚೆ ಹೋಗಬೇಕಾದರೆ ಮೇಲ್ಸೇತುವೆ, ಇಲ್ಲವೆ ಸಬ್‌ವೇ. ಪೆರಂಬೂರಿನ ಸಬ್‌ವೇ, ವ್ಯಾಸರಪಾಡಿಯ ಗಣೇಶಪುರಂ ಸಬ್‌ವೇ: ಮಳೆ ಜೋರಾದ ದಿನ ಮೊದಲು ಮುಚ್ಚುವ ಹೆಸರುಗಳ ಪಟ್ಟಿಯಲ್ಲಿ ಇವು ಇದ್ದೇ ಇರುತ್ತವೆ. ಬೇಸಿನ್ ಬ್ರಿಜ್ ಮತ್ತು ವ್ಯಾಸರಪಾಡಿ ನಡುವಿನ ರೈಲು ಸೇತುವೆಯಲ್ಲಿ ನೀರು ಅಪಾಯದ ಮಟ್ಟ ಮೀರಿದರೆ ಚೆನ್ನೈ ಸೆಂಟ್ರಲ್‌ಗೆ ಗಾಡಿ ಹೋಗುವುದಿಲ್ಲ. 2023ರ ಡಿಸೆಂಬರಿನಲ್ಲಿ, ಮತ್ತೆ 2024ರ ಅಕ್ಟೋಬರಿನಲ್ಲಿ ಹೀಗೇ ಆಯಿತು. ಬೆಂಗಳೂರು, ಮೈಸೂರು ಕಡೆಯ ಗಾಡಿಗಳು ಕೆಲವು ರದ್ದಾದವು, ಕೆಲವು ಆವಡಿಯಲ್ಲೋ ಪೆರಂಬೂರಿನಲ್ಲೋ ನಿಂತವು. ಕಾವೇರಿ ಎಕ್ಸ್‌ಪ್ರೆಸ್‌ನಲ್ಲಿ ಮೈಸೂರಿನಿಂದ ಬರುವ ಕನ್ನಡದವರು ನಸುಕಿನಲ್ಲಿ ಇಳಿಯುವ ಸ್ಟೇಷನ್ ಪೆರಂಬೂರು. ಇಡೀ ದೇಶಕ್ಕೆ ಬೋಗಿ ಮಾಡಿ ಕಳಿಸುವ ಬಡಾವಣೆಗೆ ಆರು ಕಿಲೋಮೀಟರ್ ಆಚೆಯ ಸೆಂಟ್ರಲ್‌ಗೆ ಒಂದು ಗಾಡಿ ಇಲ್ಲದ ದಿನಗಳೂ ಇವೆ.

ಹೀಗೆ ವರ್ಷಕ್ಕೊಮ್ಮೆ, ಕೆಲವು ವರ್ಷ ಬಿಟ್ಟು ಇನ್ನೊಮ್ಮೆ, ಮೂರು ನಾಲ್ಕು ದಿನದ ಮಟ್ಟಿಗೆ ಪೆರಂಬೂರು ದ್ವೀಪವಾಗುತ್ತದೆ. ಹಾಲು ಬರುವುದಿಲ್ಲ, ಕರೆಂಟು ಇರುವುದಿಲ್ಲ, ಕ್ಯಾನ್ ನೀರಿನ ಹುಡುಗ ಫೋನ್ ಎತ್ತುವುದಿಲ್ಲ. ವರ್ಷವಿಡೀ ದ್ವೀಪದಲ್ಲೇ ಇರುವವರು ಇದೇ ಲೆಕ್ಕವನ್ನು ಹೇಗೆ ನಿಭಾಯಿಸುತ್ತಾರೆ, ಅದರ ಖರ್ಚು ಯಾರ ಖಾತೆಗೆ ಬೀಳುತ್ತದೆ ಎಂದು ನೋಡಲು ದೂರ ಹೋಗಬೇಕಾಗಿಲ್ಲ. ಪೆರಂಬೂರಿನಿಂದ ಚೆನ್ನೈ ಬಂದರಿಗೆ ಆಟೋದಲ್ಲಿ ಹೋಗಬಹುದು. ಅಂಡಮಾನಿನ ಹಡಗು ಹೊರಡುವುದು ಅಲ್ಲಿಂದಲೇ.

ಚೆನ್ನೈಯಿಂದ ಪೋರ್ಟ್ ಬ್ಲೇರ್‌ಗೆ (2024ರ ಸೆಪ್ಟೆಂಬರಿನಿಂದ ಅದು ಶ್ರೀ ವಿಜಯಪುರಂ) ಸಮುದ್ರಮಾರ್ಗ 1,190 ಕಿಲೋಮೀಟರ್. ಹಡಗಿಗೆ 60 ಗಂಟೆ ಬೇಕು, ಗಾಳಿ ಎದುರಾದರೆ ಇನ್ನೂ ಹೆಚ್ಚು. ಗಂಟೆಗೆ 20 ಕಿಲೋಮೀಟರ್. ನಮ್ಮ ಬೀದಿಯ ಸೈಕಲ್ ಸವಾರ ಬೆಳಗಿನ ಹೊತ್ತು ಅಷ್ಟು ವೇಗದಲ್ಲಿ ಹೋಗುತ್ತಾನೆ. ಎಂ.ವಿ. ನಾನ್‌ಕೌರಿ, ಎಂ.ವಿ. ನಿಕೋಬಾರ್‌ನಂಥ ದೊಡ್ಡ ಹಡಗಿನಲ್ಲಿ 1,200 ಜನ ಹಿಡಿಯುತ್ತಾರೆ. ಹೊರಗಿನವರಿಗೆ ಬಂಕ್ ದರ್ಜೆಯ ಟಿಕೆಟ್ ಸುಮಾರು 2,500 ರೂಪಾಯಿ, ಡಿಲಕ್ಸ್ ಕ್ಯಾಬಿನ್ ಸುಮಾರು ಹತ್ತು ಸಾವಿರ. ದ್ವೀಪದ ನಿವಾಸಿಗಳಿಗೆ ರಿಯಾಯಿತಿ. ಬಂಕ್ ದರವನ್ನೇ ಹಿಡಿದರೂ ಕಿಲೋಮೀಟರಿಗೆ ಎರಡು ರೂಪಾಯಿ ಚಿಲ್ಲರೆ. ಪೆರಂಬೂರಿನಿಂದ ಬೆಂಗಳೂರಿಗೆ ಹಗಲು ಗಾಡಿಯಲ್ಲಿ ಕೂತು ಹೋದರೆ ಕಿಲೋಮೀಟರಿಗೆ 50 ಪೈಸೆಯೂ ಬೀಳುವುದಿಲ್ಲ.

2011ರ ಜನಗಣತಿಯಂತೆ ಅಂಡಮಾನ್ ಮತ್ತು ನಿಕೋಬಾರಿನ ಜನಸಂಖ್ಯೆ 3,80,581. ಮನೆಮಾತು ಬಂಗಾಳಿಯಾದವರು ನೂರಕ್ಕೆ 28, ತಮಿಳಾದವರು 15, ತೆಲುಗಾದವರು 13. ಅಕ್ಕಿ ಬಹುಪಾಲು ಹಡಗಿನಲ್ಲೇ ಬರಬೇಕು. ಒಬ್ಬರಿಗೆ ದಿನಕ್ಕೆ 300 ಗ್ರಾಂ ಎಂದರೆ ದ್ವೀಪಸಮೂಹಕ್ಕೆಲ್ಲ 114 ಟನ್, ಐವತ್ತು ಕಿಲೋ ಮೂಟೆಯ ಲೆಕ್ಕದಲ್ಲಿ ದಿನಕ್ಕೆ 2,280ಕ್ಕೂ ಹೆಚ್ಚು ಮೂಟೆ. ಹಡಗು ಐದು ದಿನ ತಡವಾದರೆ 570 ಟನ್ ಅಕ್ಕಿ ಗೋದಾಮಿನಲ್ಲಿ ಮೊದಲೇ ಇರಲೇಬೇಕು. ಪೆರಂಬೂರಿನ ಅಂಗಡಿಗೆ ಲಾರಿ ಐದು ದಿನ ಬರದಿದ್ದರೆ ಅದು ಸುದ್ದಿ. ಗ್ರೇಟ್ ನಿಕೋಬಾರಿನ ಕ್ಯಾಂಬೆಲ್ ಬೇಯಲ್ಲಿ ಅದು ಅಂಗಡಿಯವನು ಮುಂಗಡವೇ ಹಾಕಿಟ್ಟುಕೊಂಡ ಲೆಕ್ಕ.

ಅಚ್ಚರಿ ಎಂದರೆ ಎಲ್ಲವೂ ದುಬಾರಿಯಲ್ಲ. ಪೋರ್ಟ್ ಬ್ಲೇರಿನಲ್ಲಿ ಪೆಟ್ರೋಲು ಲೀಟರಿಗೆ ಸುಮಾರು 82 ರೂಪಾಯಿ, ಡೀಸೆಲ್ ಸುಮಾರು 78. ಚೆನ್ನೈಯಲ್ಲಿ ಪೆಟ್ರೋಲು ನೂರು ದಾಟಿ ಎಷ್ಟೋ ಕಾಲವಾಯಿತು, ಡೀಸೆಲ್ 92ರ ಮೇಲಿದೆ. ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಹಡಗಿನಲ್ಲಿ ಹೋದ ಎಣ್ಣೆ ಇಲ್ಲಿಗಿಂತ ಅಲ್ಲಿ ಅಗ್ಗ, ಏಕೆಂದರೆ ಅಲ್ಲಿ ಮಾರಾಟ ತೆರಿಗೆ ಹೆಸರಿಗಷ್ಟೇ. ದ್ವೀಪದಲ್ಲಿ ಬದುಕುವ ಖರ್ಚನ್ನು ಚಿಲ್ಲರೆ ಬೆಲೆಯಲ್ಲಿ ಹುಡುಕಿದರೆ ಹೀಗೆ ದಾರಿ ತಪ್ಪುತ್ತದೆ. ವಿದ್ಯುತ್ತನ್ನು ನೋಡಿ. ಅಂಡಮಾನಿನಲ್ಲಿ ವಿದ್ಯುತ್ ಹುಟ್ಟುವುದು ಹೆಚ್ಚಾಗಿ ಡೀಸೆಲ್ ಜನರೇಟರಿನಿಂದ. ಡಿಗ್ಲಿಪುರದ ಕಲ್ಪಾಂಗ್ ಜಲವಿದ್ಯುತ್ ಘಟಕ 5.25 ಮೆಗಾವಾಟ್, ಪೋರ್ಟ್ ಬ್ಲೇರ್ ಬಳಿಯ ಸೌರ ಘಟಕ 20 ಮೆಗಾವಾಟ್, ಅಷ್ಟೇ ದೊಡ್ಡವು. ಒಳ್ಳೆಯ ಜನರೇಟರು ಒಂದು ಲೀಟರ್ ಡೀಸೆಲ್ ಕುಡಿದು ಮೂರೂವರೆಯಿಂದ ನಾಲ್ಕು ಯೂನಿಟ್ ಕೊಡುತ್ತದೆ. 78 ರೂಪಾಯಿಯನ್ನು 3.7ರಿಂದ ಭಾಗಿಸಿ: ಯೂನಿಟ್ಟಿಗೆ ಎಣ್ಣೆಯ ಖರ್ಚೇ 21 ರೂಪಾಯಿ. ಯಂತ್ರ, ಸಂಬಳ, ತಂತಿ ಆಮೇಲೆ. ಬಳಕೆದಾರ ಕಟ್ಟುವ ಬಿಲ್ಲು ಇದರ ಒಂದು ಪಾಲು, ಉಳಿದದ್ದನ್ನು ತುಂಬುವುದು ದೆಹಲಿಯ ಖಜಾನೆ. ಇದನ್ನು ನಾನು ದೂರಾಗಿ ಹೇಳುತ್ತಿಲ್ಲ. ಎರಡು ತಿಂಗಳಿಗೆ ನೂರು ಯೂನಿಟ್ ಉಚಿತವಾಗಿ ಪಡೆಯುವ ತಮಿಳುನಾಡಿನ ಮನೆಯಲ್ಲಿ ಕೂತು ದೂರುವುದು ಚೆನ್ನಾಗಿರುವುದಿಲ್ಲ.

ಸಮುದ್ರದಡಿಯ ಕೇಬಲ್ಲಿನ ಲೆಕ್ಕ ಇನ್ನೂ ಸ್ಪಷ್ಟ. ಚೆನ್ನೈಯಿಂದ ಪೋರ್ಟ್ ಬ್ಲೇರ್‌ಗೆ, ಅಲ್ಲಿಂದ ಸ್ವರಾಜ್ ದ್ವೀಪ, ಲಿಟಲ್ ಅಂಡಮಾನ್, ಕಾರ್ ನಿಕೋಬಾರ್, ಕಮೋರ್ಟಾ, ಗ್ರೇಟ್ ನಿಕೋಬಾರ್ ಮುಂತಾದ ಕಡೆಗೆ ಹೋದ ಈ ಕೇಬಲ್ 2,312 ಕಿಲೋಮೀಟರ್ ಉದ್ದ, ವೆಚ್ಚ 1,224 ಕೋಟಿ, ಉದ್ಘಾಟನೆ 2020ರ ಆಗಸ್ಟ್ 10. ಕಿಲೋಮೀಟರಿಗೆ ಸುಮಾರು 53 ಲಕ್ಷ. ಅಲ್ಲಿನ ತಲೆಯೊಂದಕ್ಕೆ ಸುಮಾರು 32,000 ರೂಪಾಯಿ. ಕೊಚ್ಚಿಯಿಂದ ಲಕ್ಷದ್ವೀಪಕ್ಕೆ 2024ರ ಜನವರಿಯಲ್ಲಿ ಚಾಲನೆಗೊಂಡದ್ದು 1,868 ಕಿಲೋಮೀಟರ್, 1,072 ಕೋಟಿ. ಅಲ್ಲಿ ಜನ 64,473 ಮಾತ್ರ. ತಲೆಗೆ 1,66,000ಕ್ಕೂ ಹೆಚ್ಚು. ಇಷ್ಟು ದುಡ್ಡು ಸುರಿದದ್ದು ಸಿನಿಮಾ ನೋಡಲಷ್ಟೇ ಎಂದು ಹೇಳುವವರಿದ್ದಾರೆ. ಭೂಕಂಪದ ದಿನ ಫೋನ್ ಹತ್ತದಿದ್ದರೆ ಏನಾಗುತ್ತದೆ ಎಂಬುದು ಅವರಿಗೆ ನೆನಪಿಲ್ಲ.

2004ರ ಡಿಸೆಂಬರ್ 26. ಭೂಮಿ ನಡುಗಿದ್ದು ಬೆಳಗ್ಗೆ 6 ಗಂಟೆ 29 ನಿಮಿಷಕ್ಕೆ, ತೀವ್ರತೆ 9.1. ನಿಕೋಬಾರಿನ ದಡಗಳಿಗೆ ಅಲೆ ನಿಮಿಷಗಳಲ್ಲಿ ಬಂತು. ಮರೀನಾಕ್ಕೆ ಬರಲು ಎರಡು ಗಂಟೆಗೂ ಹೆಚ್ಚು ಹಿಡಿಯಿತು. ಆ ಎರಡು ಗಂಟೆಯಲ್ಲಿ ಚೆನ್ನೈಗೆ ಯಾರೂ ಏನನ್ನೂ ಹೇಳಲಿಲ್ಲ. ಭಾನುವಾರ, ಬೀಚಿನಲ್ಲಿ ಕ್ರಿಕೆಟ್ ನಡೆಯುತ್ತಿತ್ತು. ನಗರದಲ್ಲಿ ಸತ್ತವರು 206. ಅಂಡಮಾನ್-ನಿಕೋಬಾರಿನಲ್ಲಿ ಸತ್ತವರು, ಕಾಣೆಯಾದವರು ಸೇರಿ ಸರ್ಕಾರಿ ಲೆಕ್ಕ ಮೂರೂವರೆ ಸಾವಿರ ದಾಟಿತು. ಕಾರ್ ನಿಕೋಬಾರಿನ ವಾಯುನೆಲೆಯಲ್ಲಿ ಸಿಬ್ಬಂದಿ, ಅವರ ಹೆಂಡತಿ ಮಕ್ಕಳು ಸೇರಿ ನೂರಕ್ಕೂ ಹೆಚ್ಚು ಮಂದಿ. ಹೈದರಾಬಾದಿನಲ್ಲಿ ಸುನಾಮಿ ಮುನ್ಸೂಚನೆ ಕೇಂದ್ರ ಶುರುವಾದದ್ದು 2007ರ ಅಕ್ಟೋಬರಿನಲ್ಲಿ, 125 ಕೋಟಿ ಖರ್ಚಿನಲ್ಲಿ. ಬಾಯಾರಿದಾಗ ಬಾವಿ ತೋಡಿದರು ಎನ್ನಬಹುದು. ಆದರೂ ತೋಡಿದರು, ಮತ್ತು ಅದರ ಬೆಲೆ ಕೇಬಲ್ಲಿನ ಹತ್ತನೆಯ ಒಂದು ಭಾಗ.

ಆ ದಿನದ ಅಂಕಿಗಳಲ್ಲಿ ನನ್ನನ್ನು ಬಿಡದೆ ಕಾಡುವುದು ಎರಡು. ಒಂದು, 4.25 ಮೀಟರ್. ಗ್ರೇಟ್ ನಿಕೋಬಾರಿನ ತುದಿಯ ಇಂದಿರಾ ಪಾಯಿಂಟ್ ಒಂದೇ ಬೆಳಗಿನಲ್ಲಿ ಅಷ್ಟು ಕುಸಿಯಿತು. ದೀಪಸ್ತಂಭದ ಬುಡ ನೀರಿನಲ್ಲಿ ನಿಂತಿತು. ಚೆನ್ನೈ ಅಷ್ಟು ಕುಸಿದರೆ ಅದರ ಸರಾಸರಿ 6.7 ಮೀಟರಿನಲ್ಲಿ ಉಳಿಯುವುದು ಎರಡೂವರೆ ಮೀಟರಿಗೂ ಕಡಿಮೆ. ಪೋರ್ಟ್ ಬ್ಲೇರ್ ಕುಸಿದದ್ದು ಒಂದು ಮೀಟರಿನಷ್ಟು, ಅಷ್ಟಕ್ಕೇ ಸಿಪ್ಪಿಘಾಟಿನ ಗದ್ದೆಗಳಿಗೆ ಉಪ್ಪುನೀರು ಬಂದು ನಿಂತದ್ದು ಹೋಗಲೇ ಇಲ್ಲ. ಇನ್ನೊಂದು, ನಿಕೋಬಾರ್ ಜಿಲ್ಲೆಯ ಜನಸಂಖ್ಯೆ. 2001ರಲ್ಲಿ 42,068, 2011ರಲ್ಲಿ 36,842. ದೇಶ ಹತ್ತು ವರ್ಷದಲ್ಲಿ ನೂರಕ್ಕೆ 17ಕ್ಕೂ ಹೆಚ್ಚು ಬೆಳೆಯಿತು, ಈ ಜಿಲ್ಲೆ ನೂರಕ್ಕೆ 12 ಕರಗಿತು. ತೆಂಗು ಹೋದದ್ದು ಇನ್ನೊಂದು ಕಥೆ. ನಿಕೋಬಾರಿಗಳ ಕೂಡುಕುಟುಂಬಕ್ಕೆ ತುಹೆತ್ ಎನ್ನುತ್ತಾರೆ. ತೋಟವೂ ಹಂದಿಗಳೂ ಆ ಕುಟುಂಬದವು, ಒಬ್ಬನವಲ್ಲ. ಎತ್ತರದ ತಳಿಯ ತೆಂಗು ಫಲ ಕೊಡಲು ಆರರಿಂದ ಎಂಟು ವರ್ಷ ಬೇಕು. ಅಷ್ಟು ವರ್ಷ ಅವರಿಗೆ ಅಕ್ಕಿ, ಬೇಳೆ, ತಗಡು ಎಲ್ಲ ಹಡಗಿನಿಂದಲೇ ಇಳಿಯಬೇಕಾಯಿತು. ಸರ್ಕಾರ ಕಟ್ಟಿಸಿದ ಕಾಯಂ ಮನೆಗಳು ಹತ್ತಿರ ಹತ್ತಿರ 9,800. ಕಬ್ಬಿಣ, ಸಿಮೆಂಟು ಬಂದದ್ದು ಮುಖ್ಯನೆಲದಿಂದ. ದಾಸ್ತಾನು ಎನ್ನುವುದು ಮೂಟೆಯಲ್ಲಷ್ಟೇ ಇರುವುದಲ್ಲ ಎಂದು ಅವರಿಗೆ ಗೊತ್ತಿತ್ತು. ಅವರ ದಾಸ್ತಾನು ಮರದಲ್ಲಿತ್ತು, ಮರವೇ ಹೋಯಿತು.

ಕನ್ನಡನಾಡಿಗೆ ಹತ್ತಿರದ ದ್ವೀಪಗಳ ಮಾತನ್ನೂ ಹೇಳಬೇಕು. ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲತ್, ಬಿತ್ರಾ ದ್ವೀಪಗಳು 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲಾಧಿಕಾರಿಯ ಆಡಳಿತದಲ್ಲಿದ್ದವು, ಮದ್ರಾಸ್ ರಾಜ್ಯದ ಭಾಗವಾಗಿ. ಮಂಗಳೂರಿನ ಬಂದರಿನ ಹಳೆಯ ಧಕ್ಕೆಯಿಂದ ಇಂದಿಗೂ ಮಂಜಿ ಎಂಬ ಸರಕು ದೋಣಿಗಳು ಲಕ್ಷದ್ವೀಪಕ್ಕೆ ಅಕ್ಕಿ, ತರಕಾರಿ, ಜಲ್ಲಿ ಹೊತ್ತು ಹೋಗುತ್ತವೆ. ಮೇ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ ಮಳೆಗಾಲದಲ್ಲಿ ಅವುಗಳಿಗೆ ರಜೆ, ಸುಮಾರು 123 ದಿನ. ತಲೆಗೆ 300 ಗ್ರಾಂ ಲೆಕ್ಕದಲ್ಲಿ ಅಷ್ಟು ದಿನಕ್ಕೆ ಲಕ್ಷದ್ವೀಪದ ಜನಕ್ಕೆ 2,380 ಟನ್ ಅಕ್ಕಿ. ಕೊಚ್ಚಿಯ ದೊಡ್ಡ ಹಡಗುಗಳು ನಡುವೆ ಬರುತ್ತವೆ ನಿಜ. ಆದರೂ ಮಳೆಗೆ ಮುಂಚೆ ಮನೆ ತುಂಬಿಸಿಕೊಳ್ಳುವುದು ಅಲ್ಲಿ ಆಟಿ ತಿಂಗಳಿಗೆ ಹಪ್ಪಳ-ಸಾಂತಣಿ ಎತ್ತಿಡುವ ತುಳುನಾಡಿನ ಮನೆಗಳಷ್ಟೇ ಸಹಜ. ಅಮಿನಿಯವರಿಗೆ ತಮ್ಮ ಮನೆಯಲ್ಲಿ ಎಷ್ಟು ದಿನದ ಅಕ್ಕಿ ಇದೆ ಎಂದು ಗೊತ್ತಿರುತ್ತದೆ. ಪೆರಂಬೂರಿನಲ್ಲಿ ನಮಗೆ ಗೊತ್ತಿರುವುದು ಫೋನಿನಲ್ಲಿ ಎಷ್ಟು ಚಾರ್ಜ್ ಇದೆ ಎಂಬುದು.

ಪೆರಂಬೂರು ನೀರಿಲ್ಲದೆಯೂ ದ್ವೀಪವಾದದ್ದುಂಟು. 2019ರ ಬೇಸಿಗೆಯಲ್ಲಿ ಚೆನ್ನೈಯ ಕೆರೆಗಳು ಒಣಗಿದವು. ದಿನಕ್ಕೆ 83 ಕೋಟಿ ಲೀಟರ್ ಬೇಕಾದ ಊರಿಗೆ ಕೊಡುತ್ತಿದ್ದದ್ದು ಸುಮಾರು 52 ಕೋಟಿ. ಜುಲೈ 12ರಂದು ಜೋಲಾರ್‌ಪೇಟೆಯಿಂದ ಮೊದಲ ನೀರಿನ ರೈಲು ಬಂತು. ಬಂದು ನಿಂತದ್ದು ಪೆರಂಬೂರಿನ ಪಕ್ಕದ ವಿಲ್ಲಿವಾಕ್ಕಂನಲ್ಲಿ. 50 ವ್ಯಾಗನ್ನು, ಒಂದೊಂದರಲ್ಲಿ 50,000 ಲೀಟರ್. ಒಟ್ಟು 25 ಲಕ್ಷ ಲೀಟರ್. ದಾರಿ 217 ಕಿಲೋಮೀಟರ್. ಒಂದು ಟ್ರಿಪ್ಪಿಗೆ ಸುಮಾರು 7.5 ಲಕ್ಷ ರೂಪಾಯಿ ಎಂದು ಪತ್ರಿಕೆಗಳು ಬರೆದವು. ಲೀಟರಿಗೆ 30 ಪೈಸೆ. ಅಂಗಡಿಯ 20 ಲೀಟರ್ ಕ್ಯಾನು 35 ರೂಪಾಯಿಯಾದರೆ ಲೀಟರಿಗೆ ಒಂದು ಮುಕ್ಕಾಲು ರೂಪಾಯಿ. ಹಾಗಾಗಿ ರೈಲಿನ ನೀರು ದುಬಾರಿ ಎಂದು ಆಗ ಕೇಳಿಬಂದ ಮಾತು ಲೆಕ್ಕಕ್ಕೆ ನಿಲ್ಲುವುದಿಲ್ಲ. ಅದರ ಕಷ್ಟ ಬೆಲೆಯದ್ದಲ್ಲ, ಪ್ರಮಾಣದ್ದು. ದಿನಕ್ಕೆ ಯೋಜಿಸಿದ ಒಂದು ಕೋಟಿ ಲೀಟರ್ ಪೂರ್ತಿ ಬಂದರೂ ಊರಿಗೆ ಬೇಕಾದದ್ದರಲ್ಲಿ ನೂರಕ್ಕೆ 1.2. ಅಂದಹಾಗೆ ಜೋಲಾರ್‌ಪೇಟೆಗೆ ಆ ನೀರು ಬರುತ್ತಿದ್ದದ್ದು ಮೆಟ್ಟೂರಿನಿಂದ. ಕೊಡಗಿನಲ್ಲಿ ಹುಟ್ಟಿ, ಕೆ.ಆರ್.ಎಸ್. ದಾಟಿ, ಎರಡು ರಾಜ್ಯಗಳ ವಕೀಲರ ಕಡತಗಳ ನಡುವೆ ಹರಿದ ಕಾವೇರಿ ಕೊನೆಗೆ ರೈಲು ಹತ್ತಿ ವಿಲ್ಲಿವಾಕ್ಕಂನಲ್ಲಿ ಇಳಿದಳು.

ನಾಲ್ಕು ವರ್ಷ ಕಳೆದು 2023ರ ಡಿಸೆಂಬರ್ 3, 4. ಮಿಚಾಂಗ್ ಚಂಡಮಾರುತ ಕರಾವಳಿಯ ಪಕ್ಕದಲ್ಲೇ ನಿಧಾನವಾಗಿ ತೆವಳಿ, 5ರಂದು ಆಂಧ್ರದ ಬಾಪಟ್ಲಾ ಬಳಿ ದಡ ಸೇರಿತು. ದಾಟಿ ಹೋಗುವ ಮುನ್ನ ಚೆನ್ನೈಯ ಮೇಲೆ ಇದ್ದದ್ದನ್ನೆಲ್ಲ ಸುರಿಯಿತು. ಪೆರಂಬೂರು, ಪಟ್ಟಾಳಂ, ಪುಳಿಯಂತೋಪು, ವ್ಯಾಸರಪಾಡಿಯ ತಗ್ಗು ಬೀದಿಗಳಲ್ಲಿ ನೀರು ದಿನಗಟ್ಟಲೆ ನಿಂತಿತು. ಅಪಾಯವೆಂದು ಕರೆಂಟು ತೆಗೆದರು. ಅಂಬತ್ತೂರಿನ ಆವಿನ್ ಡೇರಿಗೇ ನೀರು ನುಗ್ಗಿತು. ದಿನಕ್ಕೆ 14 ಲಕ್ಷ ಲೀಟರಿನಷ್ಟು ಹಾಲು ಕೊಡುವ ಆವಿನ್ ಜಾಲ ಹರಿಯಿತು. ನೀಲಿ ಪ್ಯಾಕೆಟ್ಟು ಅರ್ಧ ಲೀಟರಿಗೆ 20 ರೂಪಾಯಿ ಎಂದು ಮುದ್ರಿತವಾಗಿರುತ್ತದೆ. ಆ ವಾರ ಆ ಮುದ್ರಿತ ಬೆಲೆ ನೋಡಿದವರಿಲ್ಲ, ಕೆಲವೆಡೆ ನಾಲ್ಕೈದು ಪಟ್ಟು ಕೊಟ್ಟವರಿದ್ದಾರೆ. ತಮಾಷೆ ಎಂದರೆ ಅಕ್ಕಿಗೆ ಯಾರೂ ಅಲೆಯಲಿಲ್ಲ.

ಆಮೇಲೆ ಪರಿಹಾರ ಬಂತು. ರಾಜ್ಯ ಸರ್ಕಾರ ಸಂತ್ರಸ್ತ ಕುಟುಂಬಕ್ಕೆ 6,000 ರೂಪಾಯಿ, ಪಡಿತರ ಅಂಗಡಿಯಲ್ಲಿ ನಗದಾಗಿ ಕೊಟ್ಟಿತು. ಚೆನ್ನೈ ಮತ್ತು ಸುತ್ತಲಿನ ಜಿಲ್ಲೆಗಳ ಸುಮಾರು 24 ಲಕ್ಷ ಕಾರ್ಡಿಗೆ, ಹೆಚ್ಚುಕಡಿಮೆ 1,450 ಕೋಟಿ. ಸಮುದ್ರದ ತಳದಲ್ಲಿ 2,312 ಕಿಲೋಮೀಟರ್ ಕೇಬಲ್ ಎಳೆದದ್ದಕ್ಕಿಂತ ಇದು ಇನ್ನೂರು ಕೋಟಿಗೂ ಮಿಕ್ಕಿ ಹೆಚ್ಚು. ಕೊಟ್ಟದ್ದು ತಪ್ಪೆನ್ನುವುದಿಲ್ಲ. ಫ್ರಿಜ್ಜು, ಹಾಸಿಗೆ, ಮಕ್ಕಳ ಪುಸ್ತಕ ಕಳೆದುಕೊಂಡ ಮನೆಗೆ ಆರು ಸಾವಿರ ಯಾವ ಮೂಲೆಗೂ ಸಾಲದು. ಆದರೆ ಹಾಲು, ನೀರು ಸಿಗದ ಆ ನಾಲ್ಕು ದಿನಕ್ಕೆ ಅದು ತಲುಪಲಿಲ್ಲ. ತಲುಪುವುದು ಸಾಧ್ಯವೂ ಇರಲಿಲ್ಲ.

ಹಾಗಾದರೆ ಆ ನಾಲ್ಕು ದಿನಕ್ಕೆ ಒಂದು ಮನೆಗೆ ಏನು ಬೇಕು? ನಾಲ್ಕು ಜನರ ಸಂಸಾರ ಎಂದಿಟ್ಟುಕೊಂಡು ಬೆಲೆ ಹಾಕಿದ್ದೇನೆ. ಬೆಲೆಗಳು ಅಂಗಡಿಯಿಂದ ಅಂಗಡಿಗೆ ತುಸು ಆಚೀಚೆ ಆಗುತ್ತವೆ. ಕುಡಿಯಲು, ಅಡುಗೆಗೆ ತಲೆಗೆ ದಿನಕ್ಕೆ 5 ಲೀಟರ್ ನೀರು: ನಾಲ್ಕು ದಿನಕ್ಕೆ ತಲೆಗೊಂದು ಕ್ಯಾನು, ಮನೆಗೆ ನಾಲ್ಕು, 140 ರೂಪಾಯಿ. ಅರ್ಧ ಕಿಲೋ ಹಾಲಿನ ಪುಡಿ, ನಾಲ್ಕು ಲೀಟರ್ ಹಾಲಾಗುತ್ತದೆ, 250. ಪಡಿತರದಲ್ಲಿ ಅಕ್ಕಿಗೆ ದುಡ್ಡಿಲ್ಲ. ತೊಗರಿಬೇಳೆ ಕಿಲೋಗೆ 30, ಪಾಮೋಲಿನ್ ಲೀಟರಿಗೆ 25. ಅವಲಕ್ಕಿ, ರವೆ ಎರಡು ಕಿಲೋ, 150. ನಮ್ಮವರ ಮನೆಯಲ್ಲಿ ಅವಲಕ್ಕಿ ಹೇಗೂ ಇರುತ್ತದೆ, ನೆನೆಸಿ ಒಗ್ಗರಣೆ ಹಾಕಿದರೆ ಆಯಿತು. ಗ್ಯಾಸು: 14.2 ಕಿಲೋ ಸಿಲಿಂಡರಿಗೆ 2025ರ ಏಪ್ರಿಲ್‌ನಲ್ಲಿ ಚೆನ್ನೈಯಲ್ಲಿ 868 ರೂಪಾಯಿ 50 ಪೈಸೆ ಇತ್ತು. ಒಂದು ಸಿಲಿಂಡರ್ 45 ದಿನ ಬಂದರೆ ನಾಲ್ಕು ದಿನದ ಉರಿ 77 ರೂಪಾಯಿ. ಟಾರ್ಚ್, ಸೆಲ್ಲು, ಮೇಣದಬತ್ತಿ, ಬೆಂಕಿಪೊಟ್ಟಣ 400. ಓ.ಆರ್.ಎಸ್., ಬ್ಲೀಚಿಂಗ್ ಪೌಡರ್ 150. ಪವರ್ ಬ್ಯಾಂಕ್ ಒಂದು, 1,000. ಕೂಡಿಸಿದರೆ 2,222 ರೂಪಾಯಿ. ಪವರ್ ಬ್ಯಾಂಕು, ಟಾರ್ಚು ಮುಂದಿನ ವರ್ಷಕ್ಕೂ ಬರುತ್ತವೆ, ಬೇಳೆ ಅವಲಕ್ಕಿ ಜನವರಿಯಲ್ಲಿ ತಿಂದು ಮುಗಿಸಬಹುದು. ಎರಡನೆಯ ವರ್ಷದಿಂದ ಖರ್ಚು ಸಾವಿರದ ಒಳಗೆ ಬರುತ್ತದೆ. ಬಿ.ಪಿ., ಸಕ್ಕರೆ ಕಾಯಿಲೆಯವರ ಹದಿನೈದು ದಿನದ ಮಾತ್ರೆ ಇದಕ್ಕೆ ಹೊರತು, ಅದನ್ನು ಹೇಗೂ ಕೊಳ್ಳಲೇಬೇಕು.

ದುಡ್ಡಿನ ಮಟ್ಟಿಗೆ ಇದು ದೊಡ್ಡದಲ್ಲ. ಇಡಲು ಜಾಗ ಬೇಕು, ತೊಡಕಿರುವುದು ಅಲ್ಲಿ. ಹಳೆಯ ಬಿನ್ನಿ ಮಿಲ್ಲಿನ ಸುತ್ತಲಿನ, ಪುಳಿಯಂತೋಪಿನ ಸಾಲುಮನೆಗಳಲ್ಲಿ ಒಂದು ಕೋಣೆ, ಒಂದು ಅಡುಗೆ ಮೂಲೆ. ನಾಲ್ಕು ಕ್ಯಾನು ಇಟ್ಟರೆ ಒಬ್ಬರು ಮಲಗುವ ಜಾಗ ಹೋಗುತ್ತದೆ. ಎರಡನೆಯ ಸಿಲಿಂಡರಿಗೆ ಠೇವಣಿಯೇ 2,200 ರೂಪಾಯಿ. ಬಾಡಿಗೆದಾರರಿಗೆ ಮಾಳಿಗೆಯ ಟ್ಯಾಂಕಿನ ಮೇಲೆ ಹಕ್ಕಿಲ್ಲ, ಮೋಟರಿನ ಸ್ವಿಚ್ಚು ಮಾಲೀಕರ ಬಾಗಿಲ ಒಳಗೆ. ನೆಲಮಹಡಿಯಲ್ಲಿ ಇರುವವರು ಕೂಡಿಟ್ಟದ್ದು ಮೊದಲ ರಾತ್ರಿಯೇ ತೇಲುತ್ತದೆ. ಆದ್ದರಿಂದ ‘ಪ್ರತಿ ಮನೆಯೂ ಸಿದ್ಧವಾಗಿರಲಿ’ ಎಂಬ ಸರ್ಕಾರಿ ಸಲಹೆ ಮೇಲಿನ ಮಹಡಿಯವರಿಗೆ ಸರಿ. ಕೆಳಗಿನವರ ದಾಸ್ತಾನನ್ನು ಬೀದಿಯೇ, ಅಂದರೆ ವಾರ್ಡೇ, ಇಟ್ಟುಕೊಳ್ಳಬೇಕು.

ವಾರ್ಡಿನ ಲೆಕ್ಕ ಕಷ್ಟವಿಲ್ಲ. ಚೆನ್ನೈ ಮಹಾನಗರ ಪಾಲಿಕೆಯಲ್ಲಿ 200 ವಾರ್ಡು. 2011ರ ಸುಮಾರು 67 ಲಕ್ಷ ಜನಸಂಖ್ಯೆಯನ್ನು ಹಂಚಿದರೆ ವಾರ್ಡಿಗೆ 33,500 ಜನ, ಎಂಟು ಸಾವಿರ ಚಿಲ್ಲರೆ ಮನೆ. ಪೆರಂಬೂರು ಇರುವುದು ತಿರು.ವಿ.ಕ. ನಗರ ವಲಯದಲ್ಲಿ, ಬಿನ್ನಿ ಮಿಲ್ಲಿನ ಕಾರ್ಮಿಕರ ಜೊತೆ ನಿಂತ ತಿರು.ವಿ. ಕಲ್ಯಾಣಸುಂದರಂ ಅವರ ಹೆಸರು ಅದಕ್ಕೆ. ಅಲ್ಲಿನ ಒಂದು ವಾರ್ಡಿಗೆ ನಾಲ್ಕು ದಿನಕ್ಕೆ ಅಕ್ಕಿ ತಲೆಗೆ ದಿನಕ್ಕೆ ಕಾಲು ಕಿಲೋದಂತೆ 33.5 ಟನ್. ಕಾರ್ಡಿಗೆ ತಿಂಗಳಿಗೆ 20 ಕಿಲೋ ಕೊಟ್ಟರೆ ವಾರ್ಡಿನ ಪಡಿತರ ಅಂಗಡಿಗಳ ಮೂಲಕ ತಿಂಗಳಿಗೆ ಹೇಗೂ 167 ಟನ್ ಸಾಗುತ್ತದೆ. ಅಕ್ಕಿ ಆಗಲೇ ಊರಿನಲ್ಲಿದೆ, ಅದಕ್ಕೇ 2023ರಲ್ಲಿ ಯಾರೂ ಅದಕ್ಕೆ ಅಲೆಯದೆ ಇದ್ದದ್ದು. ನೀರು 6.7 ಲಕ್ಷ ಲೀಟರ್, 56 ಟ್ಯಾಂಕರ್. ಇದನ್ನು ಮುಂಚಿತವಾಗಿ ಎತ್ತರದ ತೊಟ್ಟಿಗಳಲ್ಲಿ ತುಂಬಿಸಿಡಬೇಕು, ಸಬ್‌ವೇ ಮುಚ್ಚಿದ ಮೇಲೆ ಟ್ಯಾಂಕರ್ ಒಳಗೆ ಬರುವುದಿಲ್ಲ. ಹಾಲು ಮನೆಗೆ ದಿನಕ್ಕೆ ಅರ್ಧ ಲೀಟರಿನಂತೆ 16,750 ಲೀಟರ್. ಪುಡಿಯ ರೂಪದಲ್ಲಿ ಎರಡು ಟನ್ನು ಚಿಲ್ಲರೆ, ಅಂಗಡಿ ಬೆಲೆಯಲ್ಲೇ ಕೊಂಡರೂ ಹತ್ತೂವರೆ ಲಕ್ಷ. 200 ವಾರ್ಡಿಗೂ ಸೇರಿ 21 ಕೋಟಿ, ಆ ವರ್ಷ ಹಂಚಿದ ಪರಿಹಾರದ ನೂರರಲ್ಲಿ ಒಂದೂವರೆ ಪಾಲು. ಚಂಡಮಾರುತ ಬಾರದ ವರ್ಷ ಪುಡಿ ಅಂಗನವಾಡಿಗೆ ಹೋಗಲಿ, ಹಾಳಾಗುವುದಿಲ್ಲ.

ಎರಡು ಟನ್ ಹಾಲಿನ ಪುಡಿಗೆ ಬೇಕಾದದ್ದು ಎಷ್ಟು ಜಾಗ? 25 ಕಿಲೋ ಚೀಲ 84. ಹತ್ತಡಿ-ಹತ್ತಡಿಯ ಒಂದು ಕೋಣೆಯಲ್ಲಿ ಹಿಡಿಸಿ ಇನ್ನೂ ಜಾಗ ಉಳಿಯುತ್ತದೆ. ಕೋಣೆ ಮಾತ್ರ ಮೊದಲ ಮಹಡಿಯಲ್ಲಿರಬೇಕು. ಪಡಿತರ ಅಂಗಡಿಗಳು ನೆಲಮಹಡಿಯಲ್ಲಿವೆ, ಹಲವು ರಸ್ತೆಗಿಂತ ತಗ್ಗಿನಲ್ಲಿ, ಏಕೆಂದರೆ ಪ್ರತಿ ಸಲ ಟಾರು ಹಾಕುವಾಗ ಹಳೆಯ ಪದರ ಕೀಳದೆ ಅದರ ಮೇಲೇ ಇನ್ನೊಂದು ಪದರ ಬೀಳುತ್ತದೆ. ಪಾಲಿಕೆಯ ಶಾಲೆಗಳಿಗಾದರೆ ಮಾಳಿಗೆ ಇದೆ, ಮೆಟ್ಟಿಲು ಇದೆ, ರಾತ್ರಿ ಬೀಗ ಹಾಕುವ ಕಾವಲುಗಾರ ಇದ್ದಾನೆ. ಮಳೆಗಾಲದಲ್ಲಿ ಅವು ಹೇಗೂ ಆಶ್ರಯ ಶಿಬಿರಗಳಾಗುತ್ತವೆ. ಕೀಲಿಕೈ ಯಾರ ಹತ್ತಿರ ಇರಬೇಕು, ಶಾಲೆಯ ಮುಖ್ಯೋಪಾಧ್ಯಾಯರ ಬಳಿಯೋ ಪಾಲಿಕೆಯ ಇಂಜಿನಿಯರ ಬಳಿಯೋ ಎಂಬುದನ್ನು ಸೆಪ್ಟೆಂಬರಿನಲ್ಲೇ ಬರೆದಿಡಬೇಕು. ಹಿಂಗಾರು ಶುರುವಾಗುವುದು ಅಕ್ಟೋಬರ್ ಮೂರನೆಯ ವಾರ.